ಬಿಲ್ಲು ಹುಟ್ಟುವುದು ಬೆಣೆಯ ತುದಿಯಲ್ಲಿ

ಭರತ ಹುಣ್ಣಿಮೆ ಹತ್ತಿರವಾದರೆ ಇಟ್ಟಿಗಿ ಸುತ್ತಿನ ಜನ ಮೈಲಾರದ ದಾರಿ ಹಿಡಿಯುತ್ತಾರೆ. ಡೆಂಕನ ಮರಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಪವಾಸವಿದ್ದ ಗೊರವಯ್ಯ ಎರಡಾಳೆತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಅಷ್ಟು ದೊಡ್ಡ ಜನಸಾಗರ ಒಂದೇ ಗಳಿಗೆಗೆ ತಣ್ಣಗಾಗುತ್ತದೆ. ಒಂದು ಸಾಲಿನ ಕಾರ್ಣಿಕ ನುಡಿದು ಆತ ಹಿಂದಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆಮೇಲೆ ವರ್ಷವಿಡೀ ಹೊಲದ ಬದುವಿನಲ್ಲಿ, ಚಹಾದಂಗಡಿಯಲ್ಲಿ ಆ ಮಾತಿನ ಅರ್ಥ ಬಿಡಿಸುವ ಕೆಲಸ. ನನ್ನ ಕಣ್ಣು ಮಾತ್ರ ಚಿಕ್ಕಂದಿನಿಂದ ಆ ಬಿಲ್ಲಿನ ಮೇಲೆಯೇ. ಬಯಲುಸೀಮೆಯ ಈ ನೆಲದಲ್ಲಿ ಮನುಷ್ಯ ಬಿಲ್ಲನ್ನು ಹೇಗೆ ಮಾಡಿಕೊಂಡ, ಯಾವ ಮರದಿಂದ, ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟಿದ್ದು.

ಬಿಲ್ಲು ನಮಗೆ ದೂರದ ವಸ್ತುವಲ್ಲ. ಹೊಳೆಗುಂಟ ಕೆಳಕ್ಕೆ ಹೋದರೆ ಹಂಪಿ. ಅಲ್ಲಿಯ ಹಜಾರರಾಮ ದೇವಾಲಯದ ಗೋಡೆಯಲ್ಲಿ ರಾಮ ಒಂದೇ ಬಾಣಕ್ಕೆ ಏಳು ಮರಗಳನ್ನು ಭೇದಿಸುತ್ತಿದ್ದಾನೆ. ಹೊಳೆಯ ದಂಡೆಯಲ್ಲಿ ಕೋದಂಡರಾಮನ ಗುಡಿ. ಕೋದಂಡ ಎಂಬ ಹೆಸರಿಗೇ ಒಂದು ಮರದ ಕತೆ ಇದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಅಧ್ಯಾಯವೊಂದಿದೆ. ತಾಳೆಯ ಬಿಲ್ಲು ಕಾರ್ಮುಕ, ಬಿದಿರಿನದು ಕೋದಂಡ, ಮರದ್ದು ದ್ರೂಣ, ಕೊಂಬಿನದು ಧನುಸ್ಸು ಎಂದು ಅಲ್ಲಿ ಬಿಲ್ಲುಗಳನ್ನು ಬೇರೆ ಬೇರೆ ಹೆಸರಿನಿಂದ ಕರೆಯಲಾಗಿದೆ. ಹೆದೆಗೆ ಮೂರ್ವೆ, ಎಕ್ಕ, ಸಣಬು, ಬಿದಿರು, ನರ ಇವುಗಳನ್ನೂ ಎಣಿಸಿದ್ದಾನೆ. ನಮ್ಮ ಹೊಲದ ಬದುವಿನ ಎಕ್ಕದ ಗಿಡ ಎರಡು ಸಾವಿರ ವರ್ಷದ ಹಿಂದೆ ಅರಸರ ಆಯುಧಶಾಲೆಯ ಸರಕು!

ಬಿಲ್ಲು ಮಾಡುವುದೆಂದರೆ ಕೊರೆಯುವ, ಕೆತ್ತುವ ಕೆಲಸ ಎಂದೇ ಹೆಚ್ಚಿನವರ ಎಣಿಕೆ. ನನ್ನ ಮಟ್ಟಿಗೆ ಅದರ ಮುಕ್ಕಾಲು ಪಾಲು ಕೆತ್ತುವುದಕ್ಕೂ ಮೊದಲೇ ಮುಗಿದಿರುತ್ತದೆ. ಯಾವ ಮರ, ಯಾವಾಗ ಕಡಿದದ್ದು, ಹೇಗೆ ಸೀಳಿದ್ದು, ಎಲ್ಲಿಟ್ಟು ಒಣಗಿಸಿದ್ದು, ಈ ನಾಲ್ಕು ಸರಿಯಾದರೆ ಸಾಧಾರಣ ಕೈಗೂ ಒಳ್ಳೆಯ ಬಿಲ್ಲು ಒಲಿಯುತ್ತದೆ. ಇವು ತಪ್ಪಿದರೆ ಎಂಥ ನುರಿತವನ ಬಿಲ್ಲೂ ಮುರಿಯುತ್ತದೆ.

ಮರದ ಮಾತಿಗೆ ಬಂದರೆ ಮೊದಲ ಹೆಸರು ತಡಸಲು. ಇದರ ಮರ ಬಾಗುತ್ತದೆ, ಬಿಟ್ಟರೆ ಚಿಮ್ಮಿ ನೆಟ್ಟಗಾಗುತ್ತದೆ. ಕೊಡಲಿ ಕಾವಿಗೆ, ಹೊರೆ ಹೊರುವ ಅಡ್ಡೆಗೆ ಜನ ಇದನ್ನು ಹುಡುಕಿಕೊಂಡು ಹೋಗುತ್ತಿದ್ದುದು ಅದಕ್ಕೇ. ಸಂಸ್ಕೃತದಲ್ಲಿ ಇದಕ್ಕೆ ಧನುರ್ವೃಕ್ಷ ಎಂಬ ಹೆಸರಿದೆ, ಬಿಲ್ಲಿನ ಮರ ಎಂದೇ ಅರ್ಥ. ದಿಂಡಿಗವೂ ಗಟ್ಟಿಗ, ಬಂಡಿಯ ಅಚ್ಚಿಗೆ ಹೆಸರಾದ ಮರ ಅದು. ಕರಿಜಾಲಿ ನಮ್ಮ ಬಡಿಗರ ಜೀವ, ನೇಗಿಲು ಕುಂಟೆ ಗಾಲಿ ಎಲ್ಲಕ್ಕೂ ಅದೇ. ಆದರೆ ಗಂಟಿಲ್ಲದ ನೇರ ಆರಡಿ ತುಂಡು ಜಾಲಿಯಲ್ಲಿ ಸಿಗುವುದು ಪುಣ್ಯ. ಬಳ್ಳಾರಿ ಜಾಲಿಯಂತೂ ನಮ್ಮ ಹಳೆಯ ಜಿಲ್ಲೆಯ ಹೆಸರು ಹೊತ್ತ ಪರದೇಶಿ. ಅಮೆರಿಕ ಖಂಡದಿಂದ ಬಂದು ಕೆರೆಯಂಗಳ ನುಂಗಿದ ಆ ಗಿಡದ ಕಾಂಡ ನಾಲ್ಕು ಮಾರು ಬೆಳೆಯುವಷ್ಟರಲ್ಲಿ ಹತ್ತು ಕಡೆ ತಿರುಚಿಕೊಂಡಿರುತ್ತದೆ.

ನಿಂತ ಮರವನ್ನು ಓದುವುದು ಒಂದು ವಿದ್ಯೆ. ತೊಗಟೆಯ ಗೀರುಗಳು ಬುಡದಿಂದ ನೆಟ್ಟಗೆ ಮೇಲೇರಿದ್ದರೆ ಒಳಗಿನ ನಾರೂ ನೆಟ್ಟಗಿರುತ್ತದೆ. ಹಗ್ಗದ ಹುರಿಯಂತೆ ಸುತ್ತಿ ಏರಿದ್ದರೆ ಆ ಮರ ಎಷ್ಟೇ ದಪ್ಪವಿರಲಿ ಬಿಟ್ಟುಬಿಡಬೇಕು. ಸೀಳಿದಾಗ ಅದು ವಿಮಾನದ ಪಂಖದಂತೆ ತಿರುಚಿದ ಹಲಗೆಯನ್ನು ಕೊಡುತ್ತದೆ. ಇಳಿಜಾರಿನಲ್ಲಿ ವಾಲಿ ಬೆಳೆದ ಮರವೂ ಬೇಡ, ಅದರ ಒಂದು ಮಗ್ಗುಲು ಸದಾ ಎಳೆತದಲ್ಲಿ, ಇನ್ನೊಂದು ಒತ್ತಡದಲ್ಲಿ ಬೆಳೆದಿರುತ್ತದೆ. ಆರೆಂಟು ಇಂಚು ಅಡ್ಡಳತೆ, ಆಳೆತ್ತರದವರೆಗೆ ಕೊಂಬೆಯಿಲ್ಲದ ಕಾಂಡ ಸಿಕ್ಕರೆ ಸಾಕು. ಕಡಿಯುವುದು ಎಲೆ ಉದುರಿದ ಮಾಗಿ ಕಾಲದಲ್ಲಿ. ಆಗ ಮರದಲ್ಲಿ ನೀರು ಕಡಿಮೆ, ಹುಳುವಿನ ಕಾಟವೂ ಕಡಿಮೆ. ಇಷ್ಟು ಹೇಳಿ ಇನ್ನೊಂದು ಮಾತು ಸೇರಿಸಲೇಬೇಕು: ಇದೆಲ್ಲ ಸ್ವಂತ ಹೊಲದ ಮರದ ಮಾತು. ಕಾಡಿನ ಮರ ಮುಟ್ಟುವಂತಿಲ್ಲ, ಹೊಲದ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಿದೆ, ಕೊಡಲಿ ಎತ್ತುವ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಬೇಕು.

ಇನ್ನು ಸೀಳುವ ಕೆಲಸ. ಹಸಿ ಮರ ಹಸಿಯಾಗಿರುವಾಗಲೇ ಸೀಳಬೇಕು. ವಾರ ಬಿಟ್ಟರೆ ತಾನೇ ತನಗೆ ಬೇಕಾದ ಕಡೆ ಬಿರಿಯುತ್ತದೆ. ಯಾಕೆಂದರೆ ಒಣಗುವ ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುತ್ತಳತೆಯಲ್ಲಿ ಹೆಚ್ಚುಕಡಿಮೆ ಎರಡರಷ್ಟು ಕುಗ್ಗುತ್ತದೆ. ಇಡೀ ದಿಮ್ಮಿಗೆ ಆ ಎಳೆತ ತಾಳಲಾಗುವುದಿಲ್ಲ. ಎರಡು ಹೋಳು ಮಾಡಿಬಿಟ್ಟರೆ ಮರಕ್ಕೆ ಮೈ ಸಡಿಲಿಸಲು ಜಾಗ ಸಿಗುತ್ತದೆ.

ಗರಗಸದಿಂದ ಕೊಯ್ದರೆ ಬೇಗ ಆಗುವುದಿಲ್ಲವೇ ಎಂದು ಹುಡುಗನಾಗಿದ್ದಾಗ ನಮ್ಮೂರ ಬಡಿಗರ ಅಜ್ಜನನ್ನು ಕೇಳಿದ್ದೆ. ಆತ ಬೆಣೆಯ ಮೂತಿ ಒರೆಸುತ್ತ ಹೇಳಿದ: “ತಮ್ಮಾ, ಗರಗಸಕ್ಕ ಕಣ್ಣಿಲ್ಲ. ಬೆಣಿ ಮರದ ಎಳಿ ಹಿಡಕೊಂಡ ಹೋಗತೈತಿ.” ಆ ಮಾತಿನ ಹಿಂದಿನ ಲೆಕ್ಕ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಮರವೆಂದರೆ ಉದ್ದುದ್ದ ನಾರುಗಳ ಕಟ್ಟು. ಗರಗಸ ನೇರ ಗೆರೆಯಲ್ಲಿ ಹೋಗುತ್ತದೆ, ನಾರು ಸ್ವಲ್ಪ ಓರೆಯಾಗಿದ್ದರೆ ಅದನ್ನು ತುಂಡರಿಸಿಕೊಂಡೇ ಹೋಗುತ್ತದೆ. ಹತ್ತು ಇಂಚು ಉದ್ದಕ್ಕೆ ನಾರು ಒಂದಿಂಚು ಓರೆಯಾದರೆ ಹಲಗೆಯ ಬಾಗುವ ಬಲದಲ್ಲಿ ಐದನೆಯ ಒಂದು ಪಾಲು ಹೋದಂತೆ. ಐದು ಇಂಚಿಗೆ ಒಂದಿಂಚಾದರೆ ಅರ್ಧದ ಹತ್ತಿರ ಹೋಯಿತು. ಬಾಗಿಲಿಗೆ, ತೊಲೆಗೆ ಇದು ನಡೆದೀತು. ಎಳೆದಾಗಲೆಲ್ಲ ಮೈಯನ್ನೇ ಪಣಕ್ಕಿಡುವ ಬಿಲ್ಲಿಗೆ ನಡೆಯದು. ಸೀಳಿದ ಮರದಲ್ಲಿ ತುದಿಯಿಂದ ತುದಿಗೆ ನಾರು ಅಖಂಡ.

ಕೆಲಸ ಶುರುವಾಗುವುದು ತುಂಡಿನ ಕಡಿದ ಮುಖದಿಂದ. ನಡುವಿನ ತಿರುಳಿನ ಮೇಲೆ ಹಾದುಹೋಗುವಂತೆ ಕೊಡಲಿಯ ಬಾಯಿಟ್ಟು ಕೊಡತಿಯಿಂದ ಹೊಡೆಯುತ್ತಾರೆ. ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅದರ ಬಾಯಿಗೆ ಕಬ್ಬಿಣದ ಬೆಣೆ. ಎರಡೇಟಿಗೆ ಬಿರುಕು ತೊಗಟೆಯ ಮೇಲೂ ಕಾಣಿಸುತ್ತದೆ, ಅಲ್ಲಿಗೆ ಎರಡನೆಯ ಬೆಣೆ. ಅದು ಇಳಿಯುತ್ತಿದ್ದಂತೆ ಮೊದಲಿನದು ಸಡಿಲಾಗಿ ಕೈಗೆ ಬರುತ್ತದೆ, ಅದನ್ನು ಮುಂದಕ್ಕೆ ಒಯ್ಯುವುದು. ಹೀಗೆ ಎರಡು ಬೆಣೆ ಒಂದರ ಮುಂದೊಂದು ಹೆಜ್ಜೆಯಿಟ್ಟುಕೊಂಡು ಮರದ ಉದ್ದಕ್ಕೂ ನಡೆಯುತ್ತವೆ. ಬಾಯಿ ಅಗಲವಾದ ಕಡೆ ಜಾಲಿಯ ಮರದ ಬೆಣೆ ಸಾಕು. ಏಟಿನ ನಡುವೆ ತಡೆದು ಕಿವಿ ಕೊಡಬೇಕು. ಒಳಗಿನಿಂದ ಕಿರ್ರೆಂದು ಸಣ್ಣ ಸದ್ದು ಬರುತ್ತಿರುತ್ತದೆ, ಬೆಣೆ ನಿಂತರೂ ಬಿರುಕು ಇನ್ನೂ ಮುಂದಕ್ಕೆ ಹೋಗುತ್ತಿದೆ ಎಂದರ್ಥ. ಆಗ ಹೊಡೆಯಬಾರದು, ಕಾಯಬೇಕು. ಅವಸರಪಟ್ಟವನ ಮರ ಅಡ್ಡದಾರಿ ಹಿಡಿಯುತ್ತದೆ.

ಬಿರುಕಿನೊಳಗೆ ಎರಡೂ ಹೋಳನ್ನು ಹಿಡಿದುಕೊಂಡ ನಾರುಗಳು ಸೇತುವೆಯಂತೆ ಕಾಣುತ್ತವೆ. ಕೈಯಿಂದ ಎಳೆದು ಹರಿದರೆ ಅವು ಒಂದು ಹೋಳಿನ ಮೈಯನ್ನೇ ಕಿತ್ತುಕೊಂಡು ಬರುತ್ತವೆ, ಕೊಡಲಿಯ ಮೂತಿಯಿಂದ ಕತ್ತರಿಸಬೇಕು. ಸೀಳುವಾಗ ಯಾವಾಗಲೂ ಸರಿ ಅರ್ಧಕ್ಕೆ ಸೀಳಬೇಕು ಎಂಬುದು ಬಡಿಗರ ನಿಯಮ. ಒಂದು ಎರಡು, ಎರಡು ನಾಲ್ಕು. ಎರಡೂ ಬದಿ ಸಮ ದಪ್ಪವಿದ್ದರೆ ಸಮ ಬಾಗುತ್ತವೆ, ಬಿರುಕು ನಡುವೆಯೇ ಓಡುತ್ತದೆ. ಒಂದು ಬದಿ ತೆಳುವಾದರೆ ಬಿರುಕು ಅತ್ತಲೇ ಸರಿದು ಹೊರಗೆ ಹಾರಿಹೋಗುತ್ತದೆ. ಹಾಗೆ ಸರಿಯತೊಡಗಿತೆನ್ನಿ, ತೆಳು ಬದಿಯನ್ನು ಮುಟ್ಟದೆ ದಪ್ಪ ಬದಿಯನ್ನು ಒತ್ತಿ ಬಾಗಿಸಿದರೆ ಬಿರುಕು ತಿರುಗಿ ದಪ್ಪದ ಕಡೆಗೆ ಬರುತ್ತದೆ. ನಾನು ಮೊದಲ ಸಲ ಇದನ್ನು ನೋಡಿದಾಗ ಕಣ್ಣುಕಟ್ಟು ಅನ್ನಿಸಿತ್ತು. ಬುಟ್ಟಿ ಹೆಣೆಯುವ ಮೇದಾರರ ಕೈಗೆ ಇದು ದಿನದ ಕಸುಬು. ಗಳವನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆದು ದಬ್ಬೆ ಎಬ್ಬಿಸುವಾಗ ಅವರ ಹೆಬ್ಬೆರಳು ಒತ್ತುವುದೂ ಬಿಡುವುದೂ ಇದೇ ಲೆಕ್ಕದಲ್ಲಿ.

ಬಿದಿರಿನ ಬಿಲ್ಲಿಗೆ ಒಳಗು ತುಂಬಿದ, ದಪ್ಪ ಗೋಡೆಯ ಕಿರುಬಿದಿರೇ ಉತ್ತಮ. ಮೂರು ನಾಲ್ಕು ವರ್ಷ ಬಲಿತ ಗಳ ಬೇಕು. ಎಳೆಯದರ ಮೈಮೇಲೆ ಬಿಳಿ ಪುಡಿ, ಗಿಣ್ಣಿನಲ್ಲಿ ಸಿಪ್ಪೆ ಇರುತ್ತದೆ. ಬಲಿತದ್ದರಲ್ಲಿ ಹೊಳಪು ಹೋಗಿ ಕಲೆ ಬಿದ್ದಿರುತ್ತವೆ, ತಟ್ಟಿದರೆ ಗಟ್ಟಿ ಸದ್ದು. ಅಮಾವಾಸ್ಯೆಯ ಆಚೀಚೆ ಕಡಿದರೆ ಹುಳು ಹತ್ತುವುದಿಲ್ಲ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಹುಳುವಿಗೆ ಬೇಕಾದದ್ದು ಬಿದಿರಿನೊಳಗಿನ ಪಿಷ್ಟ. ಅದನ್ನು ಕಳೆಯಲು ಗಳಗಳನ್ನು ಎರಡು ಮೂರು ವಾರ ನೀರಿನಲ್ಲಿ ಮುಳುಗಿಸಿಡುವ ರೂಢಿಯೂ ಹಳೆಯದೇ. ಬಿದಿರಿನ ಬಲವೆಲ್ಲ ಹೊರಮೈಯಲ್ಲಿದೆ, ನಾರು ದಟ್ಟವಾಗಿರುವುದು ಅಲ್ಲಿ. ಅದಕ್ಕೇ ಹಸಿರು ಸಿಪ್ಪೆಯ ಬದಿ ಬಿಲ್ಲಿನ ಬೆನ್ನಾಗಬೇಕು, ಅಂದರೆ ಗುರಿಯ ಕಡೆಗೆ ಮುಖ ಮಾಡಬೇಕು. ಕೆರೆಯುವುದೆಲ್ಲ ಒಳಮೈಯನ್ನೇ.

ಮರದ ಸೀಳಿಗೂ ಅದೇ ನೀತಿ. ಬಿಲ್ಲನ್ನು ಎಳೆದಾಗ ಬೆನ್ನು ಹಿಗ್ಗುತ್ತದೆ, ಬಿಲ್ಲುಗಾರನತ್ತ ಇರುವ ಹೊಟ್ಟೆ ಕುಗ್ಗುತ್ತದೆ. ಹಿಗ್ಗುವ ಬೆನ್ನಿನಲ್ಲಿ ಒಂದು ನಾರು ತುಂಡಾಗಿದ್ದರೂ ಅಲ್ಲಿಂದ ಸಿಬಿರೆದ್ದು ಬಿಲ್ಲು ಮುರಿಯುತ್ತದೆ. ಹಾಗಾಗಿ ತೊಗಟೆ ಬಿಡಿಸಿದ ಮೇಲೆ ಅದರ ಕೆಳಗಿನ ಮೈಗೆ ಉಳಿ ಬಾಚಿ ತಾಗಿಸಬಾರದು. ಇಂಗ್ಲೆಂಡಿನ ಮೇರಿ ರೋಸ್ ಹಡಗು 1545ರಲ್ಲಿ ಮುಳುಗಿ 1982ರಲ್ಲಿ ಮೇಲೆದ್ದಾಗ ಅದರಲ್ಲಿ 137 ಇಡಿಯ ಬಿಲ್ಲುಗಳು ಸಿಕ್ಕವು. ಯೂ ಮರದ ಆ ಬಿಲ್ಲುಗಳ ಬೆನ್ನಿಗೆ ತೊಗಟೆಯಡಿಯ ಬಿಳಿಮರ, ಹೊಟ್ಟೆಗೆ ಒಳಗಿನ ಕೆಂಪು ಚೇಗು ಬರುವಂತೆ ಸೀಳಿದ್ದರು. ಒಂದೇ ಮರ, ಎರಡು ಗುಣ.

ಒಣಗಿಸುವುದರಲ್ಲಿ ನಮ್ಮ ಸೀಮೆಯ ಬಿಸಿಲೇ ಶತ್ರು. ಸೀಳಿದ ದಿನವೇ ಎರಡೂ ತುದಿಗೆ ಸಗಣಿ ಮಣ್ಣು ಮೆತ್ತಬೇಕು, ಇಲ್ಲವೇ ಮೇಣ ಬಳಿಯಬೇಕು. ನೀರು ಓಡಿಹೋಗುವುದು ತುದಿಗಳಿಂದ, ಬಿರಿಯುವುದೂ ಅಲ್ಲಿಂದಲೇ. ಆಮೇಲೆ ನೆರಳಿನಲ್ಲಿ, ಗಾಳಿಯಾಡುವ ಅಟ್ಟದ ಮೇಲೆ ಅಡ್ಡಗೋಲು ಹಾಕಿ ಇಡುವುದು. ವರ್ಷವಾದರೂ ಬೇಕು. ಬೇಸಿಗೆಯ ತಗಡಿನ ಚಾವಣಿಯ ಕೆಳಗಿಟ್ಟರೆ ಎಲ್ಲ ಹಾಳು. ತಕ್ಕಡಿಯಲ್ಲಿ ತೂಗಿ ಗೋಡೆಯ ಮೇಲೆ ಗೀಟು ಹಾಕಿಕೊಂಡು ಬರುವುದು ಒಳ್ಳೆಯ ಉಪಾಯ. ತಿಂಗಳೆರಡಾದರೂ ತೂಕ ಇಳಿಯದಿದ್ದರೆ ಮರ ಹದಕ್ಕೆ ಬಂದಿದೆ.

ಮುಂದಿನದನ್ನು ಬೇಗ ಹೇಳಬಹುದು. ಐದೂವರೆಯಿಂದ ಆರಡಿಯ ಸೀಳನ್ನು ಹಿಡಿಯಿಂದ ಎರಡೂ ಕಡೆಗೆ ಕ್ರಮವಾಗಿ ತೆಳುಗೊಳಿಸಿ, ತುದಿಗಳಲ್ಲಿ ಹೆದೆ ಕೂರುವ ಕೊಪ್ಪು ಮಾಡಿ, ಸ್ವಲ್ಪ ಬಾಗಿಸಿ ನೋಡುವುದು, ಬಾಗದ ಕಡೆ ಗಾಜಿನ ಚೂರಿನಿಂದ ಕೆರೆಯುವುದು, ಮತ್ತೆ ಬಾಗಿಸುವುದು. ಎರಡು ತೋಳೂ ಕಾಮನಬಿಲ್ಲಿನಂತೆ ಸಮನಾಗಿ ಬಾಗುವವರೆಗೆ ಇದೇ. ಹೆದೆಗೆ ಎಕ್ಕದ ನಾರಾಗಲಿ ಹೊಸೆದ ಪುಂಡಿನಾರಾಗಲಿ ಆದೀತು.

ಈ ಕಸುಬು ಬಹಳ ಹಳೆಯದು, ನಮ್ಮ ಸೀಮೆಯದಷ್ಟೇ ಅಲ್ಲ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯನ ಬಳಿ ಒಂದು ತಾಮ್ರದ ಕೊಡಲಿಯೂ ಪೂರ್ತಿಯಾಗದ ಯೂ ಬಿಲ್ಲೂ ಇದ್ದವು. ಕೆತ್ತುವುದು ಇನ್ನೂ ಬಾಕಿ ಇತ್ತು. ಅಮೆರಿಕದ ನೆವಾಡದಲ್ಲಿ ಅಲ್ಲಿಯ ಮೂಲನಿವಾಸಿಗಳು ಜುನಿಪರ್ ಮರವನ್ನು ಕಡಿಯುತ್ತಲೇ ಇರಲಿಲ್ಲ. ನಿಂತ ಮರದ ಮೈಯಲ್ಲೇ ಮೇಲೂ ಕೆಳಗೂ ಗೀರು ಹಾಕಿ, ಆ ಪಟ್ಟಿ ಮರದ ಮೇಲೇ ಒಣಗಲು ಬಿಟ್ಟು, ಬಳಿಕ ಒಂದು ಬಿಲ್ಲಿಗೆ ಬೇಕಾದಷ್ಟನ್ನು ಮಾತ್ರ ಸೀಳಿಕೊಳ್ಳುತ್ತಿದ್ದರು. ಆ ಗಾಯ ಹೊತ್ತ ಮರಗಳು ಬದುಕಿ ಉಳಿದು ಕತೆ ಹೇಳಿವೆ. ಮರದ ಮೇಲಿನ ಇಂಥ ಗೌರವ ನಮಗೂ ಹೊಸದಲ್ಲ. ಪಾಂಡವರು ಗಾಂಡೀವವನ್ನು ಬಚ್ಚಿಟ್ಟ ಬನ್ನಿ ಮರಕ್ಕೆ ನಾವು ಪ್ರತಿ ವರ್ಷ ಸುತ್ತು ಬಂದು ಅದರ ಎಲೆಯನ್ನು ಬಂಗಾರವೆಂದು ಹಂಚುತ್ತೇವೆ.

ಬಿಲ್ಲು ಹಿಡಿದು ಬೇಟೆಯಾಡುವುದನ್ನು 1972ರ ವನ್ಯಜೀವಿ ಕಾಯ್ದೆ ನಿಲ್ಲಿಸಿದೆ, ಅದು ಸರಿಯಾದದ್ದೇ. ಹತ್ತಿ ಹಿಂಜುವ ಪಿಂಜಾರರ ಬಿಲ್ಲು ಯಂತ್ರದ ಮುಂದೆ ಮೂಲೆ ಸೇರಿತು. ಬಂಡಿಗೆ ರಬ್ಬರ್ ಗಾಲಿ ಬಂದ ಮೇಲೆ ಬಡಿಗರಿಗೆ ದಿಮ್ಮಿ ಸೀಳುವ ಕೆಲಸವೂ ಕಡಿಮೆಯಾಯಿತು. ಆದರೂ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಬೆಣೆ ಹಿಡಿಯಬಲ್ಲ ಹಿರಿಯರು ಇನ್ನೂ ಇದ್ದಾರೆ. ನಿಮ್ಮೂರಲ್ಲಿ ಅಂಥವರೊಬ್ಬರಿದ್ದರೆ ಮನೆಯ ಮಕ್ಕಳನ್ನು ಕರೆದುಕೊಂಡು ಹೋಗಿ, ಒಂದು ಹಸಿ ತುಂಡು ಮುಂದಿಟ್ಟು ಸೀಳಿ ತೋರಿಸಲು ಕೇಳಿ. ನಿಮ್ಮ ಅಟ್ಟದ ಮೇಲೆ ಹಳೆಯ ಕಬ್ಬಿಣದ ಬೆಣೆ ಬಿದ್ದಿದ್ದರೆ ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ.