ಗಾಳಿಗೆ ತಕ್ಕಂತೆ ಆಪ್ಟಿಮಿಸ್ಟ್ ಹಾಯಿದೋಣಿಯನ್ನು ಸಜ್ಜುಗೊಳಿಸುವ ವಿಧಾನ: ತರಬೇತಿ ಅರ್ಜಿದಾರರಿಗೆ ಮಾಹಿತಿ

ಮಕ್ಕಳ ಹಾಯಿದೋಣಿ ತರಬೇತಿಗೆ ಅರ್ಜಿ ಸಲ್ಲಿಸುವ ಪೋಷಕರು ಹಾಗೂ ಶಿಬಿರಾರ್ಥಿಗಳ ತಿಳುವಳಿಕೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಅವರು ರೂಪಿಸಿದ ಆಪ್ಟಿಮಿಸ್ಟ್ ದೋಣಿಯು ಸುಮಾರು 2.3 ಮೀಟರ್ ಉದ್ದವಿದ್ದು, ಅದರ ಒಡಲು 35 ಕಿ.ಗ್ರಾಂ. ತೂಗುತ್ತದೆ. ಇದನ್ನು ಒಂದೇ ಮಗು ನಡೆಸುತ್ತದೆ. ಗಾಳಿ ಹೆಚ್ಚಿದಾಗ ಹಾಯಿಯನ್ನು ಮಡಿಸಿ ಕಿರಿದುಗೊಳಿಸುವ ಏರ್ಪಾಡು ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಹಾಯಿಯ ಆಕಾರವನ್ನು ಬದಲಿಸುವುದೇ ಗಾಳಿಯ ಬಲವನ್ನು ಹತೋಟಿಯಲ್ಲಿಡುವ ಮುಖ್ಯ ಉಪಾಯವಾಗಿದೆ.

1. ಸಜ್ಜಿನ ಭಾಗಗಳು

ನಾಲ್ಕು ಮೂಲೆಯ ಹಾಯಿಯನ್ನು ಕೂವೆಕಂಬಕ್ಕೂ ಕೆಳಗಿನ ಅಡ್ಡಕೋಲಾದ ಬೂಮ್‌ಗೂ ದಾರಗಳಿಂದ ಕಟ್ಟಲಾಗುತ್ತದೆ. ಹಾಯಿಯ ಮೇಲಿನ ಹಿಂಮೂಲೆಯನ್ನು ಎತ್ತಿ ಹಿಡಿಯುವ ಓರೆಕೋಲು ಸ್ಪ್ರಿಟ್. ಹಾಯಿಯ ಬುಡವನ್ನು ಬೂಮ್‌ನ ತುದಿಗೆ ಎಳೆಯುವ ಹಗ್ಗ ಔಟ್‌ಹಾಲ್. ಬೂಮ್ ಮೇಲೇಳದಂತೆ ಕೆಳಕ್ಕೆ ಹಿಡಿಯುವ ಹಗ್ಗ ವ್ಯಾಂಗ್.

2. ಗಾಳಿಯ ವೇಗ ಮತ್ತು ಹೊಂದಾಣಿಕೆ

(ಅ) ಮಂದ ಗಾಳಿ (ಗಂಟೆಗೆ 11 ಕಿ.ಮೀ.ವರೆಗೆ): ವ್ಯಾಂಗ್ ಸಡಿಲವಾಗಿರಲಿ. ಸುಕ್ಕು ಮಾಯವಾಗುವಷ್ಟು ಮಾತ್ರ ಸ್ಪ್ರಿಟ್ ಬಿಗಿಯಬೇಕು.

(ಆ) ಮಧ್ಯಮ ಗಾಳಿ (12ರಿಂದ 19 ಕಿ.ಮೀ.; ಅಲ್ಲಲ್ಲಿ ಬಿಳಿನೊರೆ): ಔಟ್‌ಹಾಲ್ ತುಸು ಸಡಿಲಿಸಿದರೆ ಹಾಯಿ ಉಬ್ಬಿ ಬಲ ದೊರೆಯುತ್ತದೆ. ಸ್ಪ್ರಿಟ್ ಇನ್ನಷ್ಟು ಬಿಗಿಯಾಗಿರಲಿ.

(ಇ) ಬಲವಾದ ಗಾಳಿ (20ರಿಂದ 28 ಕಿ.ಮೀ.; ಎಲ್ಲೆಡೆ ಬಿಳಿನೊರೆ): ಹಾಯಿಯ ಬುಡ ಚಪ್ಪಟೆಯಾಗುವವರೆಗೆ ಔಟ್‌ಹಾಲ್ ಎಳೆಯತಕ್ಕದ್ದು. ವ್ಯಾಂಗ್ ಬಿಗಿಯತಕ್ಕದ್ದು. ಚುಕ್ಕಾಣಿ ಕೈಯನ್ನು ಅತಿಯಾಗಿ ಎಳೆಯುತ್ತಿದ್ದರೆ ಕೂವೆಯನ್ನು ಸ್ವಲ್ಪ ಮುಂದಕ್ಕೆ ವಾಲಿಸಬಹುದು.

3. ಸುಕ್ಕುಗಳನ್ನು ಗಮನಿಸುವುದು

ಹಾಯಿಯ ಮೇಲಿನ ಮುಂಮೂಲೆಯಿಂದ ಬೂಮ್‌ನ ತುದಿಯವರೆಗೆ ಸುಕ್ಕು ಕಂಡರೆ ಸ್ಪ್ರಿಟ್ ಸಡಿಲವಾಗಿದೆ ಎಂದರ್ಥ. ಮೇಲಿನ ಹಿಂಮೂಲೆಯಿಂದ ಕೂವೆಯ ಬುಡದತ್ತ ಸುಕ್ಕಿದ್ದರೆ ಅದು ಅತಿಯಾಗಿ ಬಿಗಿಯಾಗಿದೆ. ಆದರೆ ಹಗುರ ಮೈಕಟ್ಟಿನ ಮಗುವಿಗೆ ಬಲವಾದ ಗಾಳಿಯಲ್ಲಿ ದೋಣಿ ಹತೋಟಿಗೆ ಬಾರದಿದ್ದರೆ, ಸ್ಪ್ರಿಟ್ ತುಸು ಸಡಿಲಿಸಿ ಮೊದಲನೆಯ ಸುಕ್ಕನ್ನು ಉಳಿಸಿಕೊಳ್ಳಬಹುದು. ಇದರಿಂದ ಹಾಯಿಯ ಮೇಲ್ಭಾಗದ ಬಲ ಕುಗ್ಗುತ್ತದೆ.

4. ಹೊಂದಾಣಿಕೆಯ ಸಮಯ

ಸಜ್ಜನ್ನು ದಡದಲ್ಲಿಯೇ ಸರಿಪಡಿಸಿಕೊಳ್ಳುವುದು ಸೂಕ್ತ. ಕರಾವಳಿಯಲ್ಲಿ ಮಳೆಗಾಲದ ಹೊರತಾದ ದಿನಗಳಲ್ಲಿ ಬೆಳಗಿನ ಗಾಳಿ ಮಂದವಾಗಿದ್ದು, ಮಧ್ಯಾಹ್ನ ಕಡಲಗಾಳಿ ಬಲಗೊಳ್ಳುವುದು ಸಾಮಾನ್ಯ. ಬೆಳಿಗ್ಗೆ ಕಟ್ಟಿದ ಸಜ್ಜನ್ನು ಮಧ್ಯಾಹ್ನ ಮತ್ತೊಮ್ಮೆ ಪರಿಶೀಲಿಸತಕ್ಕದ್ದು. ನೀರಿನಲ್ಲಿ ಬದಲಾಯಿಸಬೇಕಾದಲ್ಲಿ ದೋಣಿಯ ಮೂತಿಯನ್ನು ಗಾಳಿಗೆದುರು ತಿರುಗಿಸಿ, ಹಾಯಿ ಪಟಪಟಿಸಲು ಬಿಟ್ಟು, ನಂತರ ಹಗ್ಗ ಮುಟ್ಟಬೇಕು. ಹಠಾತ್ ಗಾಳಿ ಬೀಸಿದಾಗ ಮೊದಲು ಹಾಯಿಯನ್ನು ಹಿಡಿದಿರುವ ಕೈಹಗ್ಗವನ್ನು ಸಡಿಲಿಸಬೇಕು, ಉಳಿದದ್ದೆಲ್ಲ ಆಮೇಲೆ.

5. ಪೋಷಕರು ಖಚಿತಪಡಿಸಿಕೊಳ್ಳಬೇಕಾದ ಅಂಶಗಳು

• ಕೂವೆಯ ಸುರಕ್ಷತಾ ಕಟ್ಟು ಬಿಗಿಯಾಗಿದೆಯೇ? ಇದಿಲ್ಲದಿದ್ದರೆ ದೋಣಿ ಮಗುಚಿದಾಗ ಕೂವೆ ಕಳಚಿ ಮಗುವಿಗೆ ಪೆಟ್ಟಾಗಬಹುದು.
• ದೋಣಿಯೊಳಗಿನ ಮೂರೂ ಗಾಳಿಚೀಲಗಳು ತುಂಬಿವೆಯೇ?
• ಮಗು ಜೀವರಕ್ಷಕ ಜಾಕೆಟ್ ಧರಿಸಿದೆಯೇ? ನೀರು ಮೊಗೆಯುವ ಪಾತ್ರೆಯನ್ನು ದೋಣಿಗೆ ಕಟ್ಟಲಾಗಿದೆಯೇ?

ಸೂಚನೆ: ಗಾಳಿಯ ವೇಗ ಗಂಟೆಗೆ 28 ಕಿ.ಮೀ. ಮೀರಿದಲ್ಲಿ ಹೊಸದಾಗಿ ಕಲಿಯುವ ಮಕ್ಕಳನ್ನು ನೀರಿಗೆ ಇಳಿಸದಿರುವುದು ಕ್ಷೇಮಕರ. ಆ ದಿನ ತರಬೇತುದಾರರು ದೋಣಿಯನ್ನು ದಡದಲ್ಲೇ ಉಳಿಸಲು ತೀರ್ಮಾನಿಸಿದರೆ ಪೋಷಕರು ಸಹಕರಿಸಬೇಕಾಗಿ ಕೋರಲಾಗಿದೆ.