ಕಲ್ಲುಗುಡ್ಡದ ಕವಳೆ

ಮೇ ತಿಂಗಳ ನಡುಹಗಲು. ಪಾವಗಡ ಸೀಮೆಯ ವೈ.ಎನ್.ಹೊಸಕೋಟೆಯ ಕೇರಿಗಳಲ್ಲಿ ರೇಷ್ಮೆ ಸೀರೆಯ ಮಗ್ಗಗಳ ಸದ್ದು ನಿಂತಿಲ್ಲ. ಊರಾಚೆ ಕಡಲೆಕಾಯಿ ಹೊಲಗಳು ಬರಿದಾಗಿ ಬಿದ್ದಿವೆ. ಬದುವಿನ ಹುಲ್ಲು ಸುಟ್ಟ ಬಣ್ಣಕ್ಕೆ ತಿರುಗಿದೆ. ಅಲ್ಲಿಂದ ಗುಡ್ಡದ ಕಡೆ ಕಣ್ಣು ಹಾಯಿಸಿದರೆ, ಕಾದ ಕಲ್ಲುಗುಂಡುಗಳ ಸಂದಿಯಲ್ಲಿ ಎಣ್ಣೆ ಸವರಿದಂತೆ ಮಿರುಗುವ ಹಸಿರು. ಅದು ಕವಳೆ.

ಕೆಲವೆಡೆ ಮೊಳಕಾಲೆತ್ತರ, ಕೆಲವೆಡೆ ಎದೆಮಟ್ಟ. ಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡು ನೆಲವನ್ನೇ ಮುಚ್ಚಿವೆ. ಎಲೆ ಪುಟ್ಟದು, ದಪ್ಪ. ಚಿವುಟಿದರೆ ಬಿಳಿ ಹಾಲು ಜಿನುಗುತ್ತದೆ. ಗೆಣ್ಣುಗಳಲ್ಲಿ ಜೋಡಿ ಮುಳ್ಳು. ಆ ಮುಳ್ಳಿನ ನಡುವೆಯೇ ಘಮಘಮಿಸುವ ಬಿಳಿ ಹೂಗೊಂಚಲು, ಅದರ ಪಕ್ಕದಲ್ಲೇ ಹಸಿರು ಕಾಯಿ. ಆಡುಗಳು ಹೊರಗಿನ ಚಿಗುರಿಗೆ ಬಾಯಿ ಹಾಕಿ ಮುಂದೆ ಹೋಗುತ್ತವೆ, ಒಳಗಿನ ಕೊಂಬೆ ಅವಕ್ಕೆ ದಕ್ಕುವುದಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಕಾಯಿ ಕೆಂಪಾಗಿ, ಆಮೇಲೆ ಕಪ್ಪಾಗುತ್ತದೆ. "ಕೆಂಪನೇದು ಬ್ಯಾಡ ಮಗ, ಕರ್ರಗಾಗಿರೋದು ಕಿತ್ಕ" ಎನ್ನುವ ಅಜ್ಜಿಯರ ಮಾತು ಗುಡ್ಡದ ದಾರಿಯಲ್ಲಿ ಕೇಳಬೇಕು. ಪಿಕಳಾರಗಳಿಗೆ, ಗುಡ್ಡದ ಕರಡಿಗಳಿಗೆ ಅದೇ ಸುಗ್ಗಿ.

ಇಂಥ ಗಿಡ ಬೆನ್ನಿಗಿರುವಾಗ ನಮ್ಮ ಹೊಸ ಮನೆಗಳ ಅಂಗಳದಲ್ಲಿ ದಿನವೂ ನೀರು ಕೇಳುವ ಹುಲ್ಲುಹಾಸು ಏಕೆ? ಪಾವಗಡ ಸೀಮೆಯಲ್ಲಿ ಕುಡಿಯುವ ನೀರಿಗೇ ಜನ ಪಟ್ಟ ಪಾಡು ಸಣ್ಣದಲ್ಲ. ದೂರದ ಕ್ಯಾಲಿಫೋರ್ನಿಯಾದಲ್ಲಿ ತೋಟಗಾರರು ಅಲ್ಲಿನದೇ ಕ್ಯಾಟಲೀನಾ ದ್ವೀಪದ 'ಕರಂಟ್' ಎಂಬ ನಿತ್ಯಹಸಿರು ಪೊದೆಗಿಡವನ್ನು ಓಕ್ ಮರಗಳ ಒಣ ನೆರಳಿನಲ್ಲಿ ನೆಲಹೊದಿಕೆಯಾಗಿ ಬೆಳೆಸುತ್ತಾರೆ. ಬಾಗಿದ ಕೊಂಬೆ ಮಣ್ಣು ತಾಕಿದಲ್ಲಿ ಬೇರು ಬಿಟ್ಟು ಅದು ಹರಡುತ್ತದೆ. ಅವರು ತಮ್ಮ ನೆಲದ ಗಿಡವನ್ನೇ ಅಂಗಳಕ್ಕೆ ಕರೆತಂದರು. ನಾವೂ ಹಾಗೆ ಮಾಡಬಹುದು. ನೆರಳಿಗಿಂತ ಬಿಸಿಲು ಕವಳೆಗೆ ಇಷ್ಟ, ಅಷ್ಟೇ ವ್ಯತ್ಯಾಸ.

ಗುಡ್ಡದ ಗಿಡವನ್ನು ಕೀಳಬೇಡಿ, ಹಣ್ಣು ಸಾಕು. ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ. ಆದ್ದರಿಂದ ಕಳಿತ ಹಣ್ಣಿನ ತಿರುಳು ತೊಳೆದು ಆಗಲೇ ಬಿತ್ತಬೇಕು. ಸಸಿ ನಿಧಾನವಾಗಿ ಏಳುತ್ತದೆ. ಒಂದು ವರ್ಷ ಚೀಲದಲ್ಲಿ ಬೆಳೆಸಿ, ಮುಂದಿನ ಮುಂಗಾರಿನ ಮಳೆ ನೆಲಕ್ಕೆ ಇಳಿದ ಮೇಲೆ ಮೂರಡಿಗೊಂದರಂತೆ ನೆಡಿ. ಕೆಮ್ಮಣ್ಣು, ಗರಸು, ಕಲ್ಲುನೆಲ ಯಾವುದಾದರೂ ಆದೀತು, ನೀರು ನಿಲ್ಲಬಾರದು. ಮೊದಲ ಬೇಸಿಗೆಯಲ್ಲಿ ಆಗಾಗ ಒಂದು ಚೊಂಬು ನೀರು ಕೊಟ್ಟರೆ ಬೇರು ಆಳಕ್ಕೆ ಹಿಡಿಯುತ್ತದೆ. ಮೇಲಕ್ಕೆ ಏಳುವ ಕೊಂಬೆಯನ್ನು ಹಣ್ಣು ಮುಗಿದ ಮೇಲೆ ಕತ್ತರಿಸುತ್ತ ಬಂದರೆ ಗಿಡ ಅಗಲಕ್ಕೆ ತುಂಬಿಕೊಳ್ಳುತ್ತದೆ, ಇಳಿಜಾರಿನ ಮಣ್ಣು ಬಿರುಮಳೆಗೆ ಕೊಚ್ಚಿಹೋಗದಂತೆ ಹಿಡಿಯುತ್ತದೆ. ಮುಳ್ಳು ಗಟ್ಟಿ; ಮಕ್ಕಳು ಓಡಾಡುವ ದಾರಿಯಿಂದ ಒಂದು ಮಾರು ಬಿಟ್ಟೇ ಸಾಲು ಹಾಕಿ.