ಹವಳ ಎಣಿಸುವ ಕಾಯಕ: ಸಾಗರ ವಿಜ್ಞಾನ ಬಯಸುವ ಮಕ್ಕಳೂ ಅವರ ಹೆತ್ತವರೂ

ಪಿ.ಯು.ಸಿ. ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ನಮ್ಮ ಕುಟುಂಬಗಳಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಒಂದೇ ತೆರನಾದುದು. ಹುಡುಗನಿಗೆ ಇಂಜಿನಿಯರಿಂಗ್, ಹುಡುಗಿಗೆ ನರ್ಸಿಂಗ್, ಅಂಕಗಳೂ ಹಣವೂ ಒಟ್ಟಿಗೆ ಒದಗಿದರೆ ವೈದ್ಯಕೀಯ. ಇದರಾಚೆಗೆ ನಮ್ಮ ದೃಷ್ಟಿ ಹಾಯುವುದು ಅಪರೂಪ. ಇಂತಹ ಮನೆಯೊಂದರಲ್ಲಿ ಮಗಳು ‘ನಾನು ಸಮುದ್ರವನ್ನು ಓದುತ್ತೇನೆ, ಹವಳದ ದಿಬ್ಬಗಳನ್ನು ಸಂಶೋಧಿಸುತ್ತೇನೆ’ ಎಂದರೆ ಮನೆಮಂದಿ ಮೊದಲು ನಗುತ್ತಾರೆ. ಆಕೆ ಅದನ್ನೇ ಮತ್ತೆ ಮತ್ತೆ ಹೇಳತೊಡಗಿದಾಗ ಗಾಬರಿಗೊಳ್ಳುತ್ತಾರೆ. ನಗೆಯೂ ಗಾಬರಿಯೂ ಬಹಳ ಸಲ ಹುಟ್ಟುವುದು ವಿಷಯ ತಿಳಿಯದೆ ಇರುವುದರಿಂದಲೇ. ಆದುದರಿಂದ ಈ ವಾರ ಆ ವಿಷಯವನ್ನೇ ಓದುಗರ ಮುಂದಿರಿಸಲು ಬಯಸಿದ್ದೇವೆ.

ಹವಳವೆಂದರೇನು?

ಹವಳವೆಂದೊಡನೆ ನಮಗೆ ನೆನಪಾಗುವುದು ಅಜ್ಜಿಯರ ಕೊರಳಿನ ಕೆಂಪು ಮಣಿಸರ. ಆ ಆಭರಣದ ಹವಳ ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದಲ್ಲಿ ದೊರೆಯುವ ಬೇರೊಂದು ಜಾತಿಯದು. ದಿಬ್ಬ ಕಟ್ಟುವ ಹವಳ ಉಷ್ಣವಲಯದ ಆಳವಿಲ್ಲದ, ತಿಳಿಯಾದ, ಬೆಚ್ಚನೆಯ ಉಪ್ಪುನೀರಿನಲ್ಲಿ ಬೆಳೆಯುತ್ತದೆ. ನೋಡಲು ಕಲ್ಲಿನಂತಿದ್ದು ಗಿಡದಂತೆ ಕವಲೊಡೆಯುವ ಇದು ವಾಸ್ತವವಾಗಿ ಪ್ರಾಣಿ. ಪಾಲಿಪ್ ಎಂಬ ಪುಟ್ಟ ಮೆದು ಜೀವಿಗಳು ಸಾವಿರಗಟ್ಟಲೆ ಒಂದುಗೂಡಿ, ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ, ತಮ್ಮ ಅಡಿಯಲ್ಲಿ ಗಟ್ಟಿಯಾದ ಅಸ್ಥಿಪಂಜರವನ್ನು ಕಟ್ಟಿಕೊಳ್ಳುತ್ತವೆ. ಬಂಡೆಯಂತೆ ದುಂಡಗೆ ಬೆಳೆಯುವ ಹವಳ ವರ್ಷವೊಂದಕ್ಕೆ ಹೆಚ್ಚುವುದು ಸುಮಾರು ಒಂದು ಸೆಂಟಿಮೀಟರು ಮಾತ್ರ. ಹೀಗೆ ಶತಮಾನಗಳ ಮೇಲೆ ಶತಮಾನ ಕಟ್ಟಿದ ಮನೆಯೇ ಹವಳದ ದಿಬ್ಬ. ಸಾಗರತಳದ ಶೇಕಡಾ 1ಕ್ಕಿಂತಲೂ ಕಡಿಮೆ ಜಾಗವನ್ನು ಆವರಿಸಿರುವ ಈ ದಿಬ್ಬಗಳಲ್ಲಿ ಸಮುದ್ರಜೀವಿಗಳ ಒಟ್ಟು ಪ್ರಭೇದಗಳಲ್ಲಿ ಸುಮಾರು ಕಾಲು ಭಾಗ ಆಶ್ರಯ ಪಡೆದಿವೆ.

ಈ ಪ್ರಾಣಿ ಒಂಟಿಯಾಗಿ ಬಾಳಲಾರದು. ಅದರ ಮೈಯೊಳಗೆ ಸೂಕ್ಷ್ಮವಾದ ಪಾಚಿಗಳು ನೆಲೆಸಿವೆ. ಅವು ಬಿಸಿಲಿನಿಂದ ಆಹಾರ ತಯಾರಿಸಿ ಬಹುಪಾಲನ್ನು ಹವಳಕ್ಕೆ ಕೊಡುತ್ತವೆ. ಹವಳ ಅವುಗಳಿಗೆ ಆಸರೆ ನೀಡುತ್ತದೆ. ಹವಳದ ಬಣ್ಣವೂ ಬಹುಮಟ್ಟಿಗೆ ಆ ಪಾಚಿಗಳದ್ದೇ. ಸಮುದ್ರದ ನೀರು ಬೇಸಗೆಯ ಸಾಮಾನ್ಯ ಗರಿಷ್ಠ ಉಷ್ಣತೆಗಿಂತ ಕೇವಲ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ಉಳಿದರೆ ಈ ಸಹಬಾಳ್ವೆ ಮುರಿಯುತ್ತದೆ. ಪಾಚಿಗಳು ಹೊರಬೀಳುತ್ತವೆ, ಹವಳ ಬಿಳಿಚಿಕೊಳ್ಳುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ನೀರಿನಡಿಯ ಆ ಶುಭ್ರ ಬಿಳುಪು ಹಸಿವಿನ ಬಿಳುಪು. ಬೇಗನೆ ನೀರು ತಣಿದರೆ ಹವಳ ಚೇತರಿಸಿಕೊಂಡೀತು, ತಣಿಯದಿದ್ದರೆ ಸಾಯುತ್ತದೆ. ಇಂತಹ ಬಿಳಿಚುವಿಕೆ ಜಗತ್ತಿನಾದ್ಯಂತ 1998ರಲ್ಲಿ, 2010ರಲ್ಲಿ, 2014ರಿಂದ 2017ರವರೆಗೆ ಕಂಡುಬಂತು. ನಾಲ್ಕನೆಯ ಜಾಗತಿಕ ಬಿಳಿಚುವಿಕೆ ನಡೆಯುತ್ತಿದೆ ಎಂದು ವಿಜ್ಞಾನಿಗಳು ಘೋಷಿಸಿದ್ದು 2024ರ ಏಪ್ರಿಲ್‌ನಲ್ಲಿ.

ನಮ್ಮ ನೆರೆಯ ದ್ವೀಪಗಳಲ್ಲಿ

ಇದೆಲ್ಲ ಎಲ್ಲೋ ಆಸ್ಟ್ರೇಲಿಯದ ಸಂಗತಿಯೆಂದು ಭಾವಿಸಬೇಕಾಗಿಲ್ಲ. ಭಾರತದಲ್ಲಿ ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್, ತಮಿಳುನಾಡಿನ ಮನ್ನಾರ್ ಕೊಲ್ಲಿ, ಗುಜರಾತಿನ ಕಛ್ ಕೊಲ್ಲಿ ಇವು ಹವಳದ ಮುಖ್ಯ ನೆಲೆಗಳು. ನಮ್ಮ ಕರಾವಳಿಯಲ್ಲಿ ಮಳೆಗಾಲದ ನದಿಗಳು ಸಿಹಿನೀರನ್ನೂ ಕೆಸರನ್ನೂ ತಂದು ಸುರಿಯುವುದರಿಂದ ದೊಡ್ಡ ದಿಬ್ಬಗಳು ಬೆಳೆಯಲಿಲ್ಲ. ಆದರೂ ಮುರ್ಡೇಶ್ವರದ ಎದುರಿಗೆ ಆಳಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಲಕ್ಷದ್ವೀಪದೊಡನೆಯಂತೂ ನಮ್ಮ ನಂಟು ಹಳೆಯದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ತೆಂಗಿನ ನಾರು ಹಾಯಿದೋಣಿಗಳಲ್ಲಿ ಮಂಗಳೂರಿಗೆ ಬರುತ್ತಿತ್ತು.

ಅದೇ ಲಕ್ಷದ್ವೀಪದಲ್ಲಿ ನಡೆದಿರುವ ಒಂದು ಕಾರ್ಯ ಈ ವೃತ್ತಿಯ ಸ್ವರೂಪವನ್ನು ಚೆನ್ನಾಗಿ ತೋರಿಸಿಕೊಡುತ್ತದೆ. ಮೈಸೂರಿನಲ್ಲಿ ನೆಲೆಗೊಂಡಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ವಿಜ್ಞಾನಿ ರೋಹನ್ ಆರ್ಥರ್ ಮತ್ತು ಅವರ ಸಹೋದ್ಯೋಗಿಗಳು 1998ರ ಬಿಳಿಚುವಿಕೆಯ ಕಾಲದಿಂದಲೂ ಅಲ್ಲಿನ ದಿಬ್ಬಗಳನ್ನು ಅಧ್ಯಯನ ಮಾಡುತ್ತಾ ಬಂದಿದ್ದಾರೆ. ಅಗತ್ತಿ, ಕಡಮತ್, ಕವರತ್ತಿ ಎಂಬ ಮೂರು ದ್ವೀಪಗಳ ಸುತ್ತ 1998ರಿಂದ 2022ರವರೆಗಿನ 24 ವರ್ಷಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದಾಗ, ಸುಮಾರು ಶೇಕಡಾ 37ರಷ್ಟಿದ್ದ ಜೀವಂತ ಹವಳದ ಹೊದಿಕೆ ಶೇಕಡಾ 20ರ ಹತ್ತಿರಕ್ಕೆ ಇಳಿದಿರುವುದು ಕಂಡುಬಂತು. ಅಂದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ ನಷ್ಟ. 1998, 2010, 2016ರ ಬಿಸಿಯ ಹೊಡೆತಗಳ ನಡುವೆ ಹವಳ ಮತ್ತೆ ಚಿಗುರಲು ಯತ್ನಿಸಿತು; ಪೂರ್ತಿ ಚೇತರಿಸಿಕೊಳ್ಳುವ ಮೊದಲೇ ಮುಂದಿನ ಹೊಡೆತ ಬಿತ್ತು.

ಈ ಎರಡು ಅಂಕಿಗಳ ಹಿಂದಿರುವ ಶ್ರಮವನ್ನು ಓದುಗರು ಮನಸ್ಸಿಗೆ ತಂದುಕೊಳ್ಳಬೇಕು. ದಿಬ್ಬವನ್ನು ಅಳೆಯುವವನು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುತ್ತಾನೆ. ತಳದ ಮೇಲೆ ಅಳತೆಯ ಪಟ್ಟಿಯನ್ನು ಹಾಸುತ್ತಾನೆ. ಅದರ ಉದ್ದಕ್ಕೂ ಯಾವುದು ಹವಳ, ಯಾವುದು ಪಾಚಿ, ಯಾವುದು ಬರಿಯ ಮರಳು ಎಂದು ನೀರಿನಲ್ಲಿ ನೆನೆಯದ ಹಲಗೆಯ ಮೇಲೆ ಪೆನ್ಸಿಲಿನಿಂದ ಬರೆಯುತ್ತಾನೆ. ಮರುವರ್ಷ ಮತ್ತೆ ಅಲ್ಲಿಗೇ ಹೋಗಿ ಅದನ್ನೇ ಎಣಿಸುತ್ತಾನೆ. ಒಂದು ವರ್ಷದ ಎಣಿಕೆಗೆ ಅರ್ಥ ಕಡಿಮೆ. ಇಪ್ಪತ್ತು ವರ್ಷಗಳ ಎಣಿಕೆ ಸಾಕ್ಷಿಯಾಗುತ್ತದೆ.

ದಾರಿ ಯಾವುದು, ಎಷ್ಟು ದೂರ?

ಕಲಿಯಲು ಬಯಸುವವರಿಗೆ ಬಾಗಿಲುಗಳು ನಮ್ಮ ಹತ್ತಿರದಲ್ಲಿಯೇ ಇವೆ. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ 1969ರಲ್ಲಿ ಆರಂಭವಾದಾಗ ದೇಶದಲ್ಲಿಯೇ ಮೊದಲನೆಯದಾಗಿತ್ತು. ಅಲ್ಲಿ ನಾಲ್ಕು ವರ್ಷಗಳ ಮೀನುಗಾರಿಕಾ ವಿಜ್ಞಾನದ ಪದವಿಯಿದೆ. ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ವಿಭಾಗ ಕಾರವಾರದಲ್ಲಿದೆ. ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ತಮಿಳುನಾಡಿನ ಪರಂಗಿಪೇಟೆಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಕೇಂದ್ರ ಇವೂ ಹೆಸರಾದವು. ಸಂಶೋಧನೆಗೆ 1947ರಲ್ಲಿ ಸ್ಥಾಪನೆಯಾದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, 1966ರಲ್ಲಿ ಆರಂಭವಾಗಿ ಗೋವೆಯ ದೋನಾ ಪಾವ್ಲಾದಲ್ಲಿ ನೆಲೆಸಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ, ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಮೊದಲಾದವು ಇವೆ.

ಆದರೆ ಪಯಣ ದೀರ್ಘವಾದುದು. ಪದವಿಗೆ ಮೂರೋ ನಾಲ್ಕೋ ವರ್ಷ, ಸ್ನಾತಕೋತ್ತರಕ್ಕೆ ಎರಡು, ಆ ಬಳಿಕ ಡಾಕ್ಟರೇಟಿಗೆ ಸುಮಾರು ಐದು. ಜೊತೆಯವರು ಮನೆ ಕಟ್ಟಿ ಸಂಸಾರ ಹೂಡುವ ವಯಸ್ಸಿನಲ್ಲಿ ಇವರಿನ್ನೂ ವಿದ್ಯಾರ್ಥಿಗಳಾಗಿರುತ್ತಾರೆ. ‘ಫಾದರ್, ಸಮುದ್ರ ಕಲಿತರೆ ಹೊಟ್ಟೆ ತುಂಬುವುದೇ?’ ಎಂದು ಒಬ್ಬ ತಂದೆ ನಮ್ಮನ್ನು ನೇರವಾಗಿಯೇ ಕೇಳಿದರು. ಆ ಪ್ರಶ್ನೆಯಲ್ಲಿ ಹೀನವಾದುದೇನೂ ಇಲ್ಲ. ಸಾಲ ಮಾಡಿ ಓದಿಸುವ ತಂದೆಗೆ ಅದನ್ನು ಕೇಳುವ ಹಕ್ಕಿದೆ. ಉತ್ತರವೂ ನೇರವಾಗಿಯೇ ಇರಬೇಕು. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ, 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ದೊರೆಯುತ್ತದೆ. ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಸುಲಭವಲ್ಲ. ಆ ಬಳಿಕ ಖಾಯಂ ಹುದ್ದೆಗಳು ಕೆಲವೇ. ಅನೇಕರು ಯೋಜನೆಯಿಂದ ಯೋಜನೆಗೆ, ಗುತ್ತಿಗೆಯಿಂದ ಗುತ್ತಿಗೆಗೆ ಸಾಗುತ್ತಾರೆ. ಹೊಟ್ಟೆ ತುಂಬುವುದು, ಆದರೆ ತಡವಾಗಿ. ಸಿರಿವಂತಿಕೆಯನ್ನು ಬಯಸುವವರು ಬೇರೆ ದಾರಿ ನೋಡಿಕೊಳ್ಳುವುದು ಲೇಸು.

ಇನ್ನು ಅಪಾಯದ ಮಾತು. ನೀರಿನಡಿ ಇಳಿಯುವವರಿಗೆ ವೈದ್ಯಕೀಯ ತಪಾಸಣೆ, ಕ್ರಮಬದ್ಧ ತರಬೇತಿ, ಎಂದಿಗೂ ಒಂಟಿಯಾಗಿ ಇಳಿಯಬಾರದೆಂಬ ಕಟ್ಟುಪಾಡು ಇವೆ. ಆಳದಿಂದ ಅವಸರದಲ್ಲಿ ಮೇಲೆ ಬಂದರೆ ರಕ್ತದಲ್ಲಿ ಗಾಳಿಯ ಗುಳ್ಳೆಗಳುಂಟಾಗಿ ಪ್ರಾಣಕ್ಕೇ ಕುತ್ತಾಗಬಹುದು. ಅದರೊಡನೆ ಇನ್ನೊಂದನ್ನೂ ಹೇಳಬೇಕು: ಹವಳದ ಸಂಶೋಧನೆಯ ದೊಡ್ಡ ಪಾಲು ನಡೆಯುವುದು ದಡದಲ್ಲಿ. ಉಪಗ್ರಹಗಳು ಕಳುಹಿಸುವ ಉಷ್ಣತೆಯ ದಾಖಲೆ, ನೀರಿನ ರಸಾಯನಶಾಸ್ತ್ರ, ವಂಶವಾಹಿಗಳ ಪರೀಕ್ಷೆ, ನಕಾಶೆ, ಸಂಖ್ಯಾಶಾಸ್ತ್ರ ಇವುಗಳಿಗೆ ಈಜು ಬರಬೇಕೆಂದಿಲ್ಲ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಹವಳದ ಬಿಳಿಚುವಿಕೆಯ ಮುನ್ನೆಚ್ಚರಿಕೆ ನೀಡುವುದು ಕಡಲಿನಿಂದ ದೂರದಲ್ಲಿ ಕುಳಿತುಕೊಂಡೇ. ಗಣಿತವನ್ನು ಒಲ್ಲದೆ ಮೀನನ್ನು ಮಾತ್ರ ಪ್ರೀತಿಸುವ ಹುಡುಗನಿಗಿಂತ, ಉಬ್ಬಸವಿದ್ದೂ ಗಣಿತವನ್ನು ಪ್ರೀತಿಸುವ ಹುಡುಗಿ ಈ ವಿದ್ಯೆಗೆ ಹೆಚ್ಚು ಬೇಕಾದವಳು.

ಹೆಣ್ಣುಮಕ್ಕಳಿಗೆ ಈ ಕೆಲಸ ಒಗ್ಗದೆಂಬ ಮಾತನ್ನೂ ಕೇಳಿದ್ದೇವೆ. ಬಿಸಿಯನ್ನು ತಾಳಬಲ್ಲ ಹವಳಗಳನ್ನು ಹುಡುಕಿ ಬೆಳೆಸುವ ಪ್ರಯತ್ನದಲ್ಲಿ ಮುಂದಾಳಾಗಿದ್ದ ರೂತ್ ಗೇಟ್ಸ್, ಹವಾಯಿಯ ಸಾಗರ ಜೀವವಿಜ್ಞಾನ ಸಂಸ್ಥೆಯ ನಿರ್ದೇಶಕಿಯಾಗಿದ್ದರು. ಅಂತಾರಾಷ್ಟ್ರೀಯ ಹವಳ ಅಧ್ಯಯನ ಸಂಘದ ಅಧ್ಯಕ್ಷತೆ ವಹಿಸಿದ ಮೊದಲ ಮಹಿಳೆಯೂ ಅವರೇ. 2018ರಲ್ಲಿ ಅವರು ತೀರಿಕೊಂಡ ಬಳಿಕವೂ ಅವರು ಆರಂಭಿಸಿದ ಕಾರ್ಯ ಮುಂದುವರಿದಿದೆ.

ಒಬ್ಬ ತಂದೆಯ ಆಕ್ಷೇಪಣೆಗಳು

ಹವಳದ ವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲೊಬ್ಬನಾದ ಚಾರ್ಲ್ಸ್ ಡಾರ್ವಿನ್ನನ ತಂದೆ ಹೆಸರಾಂತ ವೈದ್ಯ. ಮಗ ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟಾಗ, ಪಾದ್ರಿಯಾದರೂ ಆಗಲೆಂದು ಅವನನ್ನು ಕೇಂಬ್ರಿಜಿಗೆ ಕಳುಹಿಸಿದ. 1831ರಲ್ಲಿ ‘ಬೀಗಲ್’ ಹಡಗಿನಲ್ಲಿ ಲೋಕ ಸುತ್ತುವ ಕರೆ ಬಂದಾಗ ತಂದೆ ಒಪ್ಪಲಿಲ್ಲ. ಇದು ಹುಚ್ಚು ಯೋಜನೆ, ಮುಂದೆ ಪಾದ್ರಿಯಾಗುವವನಿಗೆ ತಕ್ಕುದಲ್ಲ, ಇದಾದ ಮೇಲೆ ಮಗ ಎಲ್ಲಿಯೂ ನೆಲೆ ನಿಲ್ಲಲಾರ ಎಂಬುದು ಅವನ ಆಕ್ಷೇಪಣೆಗಳ ಸಾರ. ಆದರೆ ಆತ ಒಂದು ಕಿಟಕಿಯನ್ನು ತೆರೆದಿಟ್ಟಿದ್ದ: ವಿವೇಕಿಯಾದ ಯಾರಾದರೊಬ್ಬರು ಹೋಗೆಂದು ಸಲಹೆಯಿತ್ತರೆ ತನ್ನ ಒಪ್ಪಿಗೆಯಿದೆ ಎಂದಿದ್ದ. ಸೋದರಮಾವ ಆ ವಿವೇಕಿಯಾದ. ತಂದೆ ತನ್ನ ಮಾತಿಗೆ ತಪ್ಪದೆ ಒಪ್ಪಿದ್ದಲ್ಲದೆ ಪ್ರಯಾಣದ ವೆಚ್ಚವನ್ನೂ ಭರಿಸಿದ.

ಆ ಪ್ರಯಾಣದಲ್ಲಿ ಡಾರ್ವಿನ್ ಉಂಗುರಾಕಾರದ ಹವಳದ್ವೀಪಗಳ ಹುಟ್ಟನ್ನು ಕುರಿತು ಯೋಚಿಸಿದ. ಜ್ವಾಲಾಮುಖಿ ದ್ವೀಪವೊಂದು ನಿಧಾನವಾಗಿ ಕುಸಿಯುತ್ತಿರುವಂತೆ ಅದರ ಅಂಚಿನ ಹವಳ ಮೇಲಕ್ಕೆ ಬೆಳೆಯುತ್ತ ಹೋಗುತ್ತದೆ. ಕೊನೆಗೆ ದ್ವೀಪ ಮುಳುಗಿ ಉಂಗುರ ಮಾತ್ರ ಉಳಿಯುತ್ತದೆ ಎಂದು 1842ರ ತನ್ನ ಗ್ರಂಥದಲ್ಲಿ ವಿವರಿಸಿದ. ಅದಕ್ಕೆ ನೇರವಾದ ಪುರಾವೆ ದೊರೆತದ್ದು 1952ರಲ್ಲಿ. ಪೆಸಿಫಿಕ್ ಸಾಗರದ ಎನಿವೆಟಾಕ್ ದ್ವೀಪದಲ್ಲಿ 1,200 ಮೀಟರಿಗೂ ಹೆಚ್ಚು ಆಳಕ್ಕೆ ಕೊರೆದಾಗ, ಹವಳದ ಸುಣ್ಣದ ಕಲ್ಲಿನ ಕೆಳಗೆ ಜ್ವಾಲಾಮುಖಿಯ ಶಿಲೆ ಸಿಕ್ಕಿತು. ಸರಿಯಾದ ವಿಚಾರವೊಂದು ಪುರಾವೆಗಾಗಿ 110 ವರ್ಷ ಕಾದಿತ್ತು! ಎಲ್ಲ ಮಕ್ಕಳೂ ಡಾರ್ವಿನ್ನರಾಗುವುದಿಲ್ಲ ಎಂಬುದು ನಿಜ. ಆದರೆ ‘ನನಗೆ ತಿಳಿಯದು, ತಿಳಿದವರನ್ನು ಕೇಳೋಣ’ ಎನ್ನುವ ತಂದೆಯಾಗುವುದು ಎಲ್ಲರಿಗೂ ಸಾಧ್ಯ.

ವಿಸ್ಮಯದಿಂದ ತಾಳ್ಮೆಗೆ

ತತ್ತ್ವಜ್ಞಾನದ ಆರಂಭ ವಿಸ್ಮಯದಲ್ಲಿದೆ ಎಂಬುದು ಅರಿಸ್ಟಾಟಲನ ಅಭಿಪ್ರಾಯ. ಅದೇ ಅರಿಸ್ಟಾಟಲ್ ಲೆಸ್ಬೋಸ್ ದ್ವೀಪದ ಕಡಲ ದಂಡೆಯಲ್ಲಿ ಮೀನು, ಏಡಿ, ಕಡಲ ಮುಳ್ಳುಚೆಂಡುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅವುಗಳ ಅಂಗಾಂಗಗಳನ್ನು ವಿವರಿಸಿದನೆಂಬುದನ್ನು ನಾವು ಮರೆಯುತ್ತೇವೆ. ವಿಸ್ಮಯ ಕ್ಷಣದಲ್ಲಿ ಹುಟ್ಟುತ್ತದೆ. ಅದು ಜ್ಞಾನವಾಗಲು ವರ್ಷಗಳ ಬೇಸರವನ್ನು ತಾಳಬೇಕು. ಟಿ.ವಿ.ಯಲ್ಲಿ ಬಣ್ಣದ ಮೀನುಗಳನ್ನು ಕಂಡು ಆಸೆಪಟ್ಟ ಮಗುವನ್ನು ಮೊದಲು ಪರೀಕ್ಷಿಸಬೇಕಾದುದು ಇಲ್ಲಿಯೇ. ಮನೆಯ ಸಮೀಪದ ಕಲ್ಲುದಂಡೆಗೆ ಇಳಿತದ ವೇಳೆ ಹಿರಿಯರೊಡನೆ ಹೋಗಿ, ಒಂದೇ ನೀರಿನ ಗುಂಡಿಯಲ್ಲಿ ಕಾಣುವ ಜೀವಿಗಳನ್ನು ವಾರಕ್ಕೊಮ್ಮೆ ಎಣಿಸಿ, ಒಂದು ವರ್ಷ ತಪ್ಪದೆ ನೋಟುಬುಕ್ಕಿನಲ್ಲಿ ಬರೆಯಲಿ. ಮಳೆಗಾಲದ ಅಬ್ಬರದ ಕಡಲಿಗೆ ಇಳಿಯುವುದು ಬೇಡ. ಆ ತಿಂಗಳುಗಳಲ್ಲಿ ಬರೆದದ್ದನ್ನು ಕೂಡಿಸಿ ಕಳೆದು ನೋಡಲಿ. ವರ್ಷದ ಕೊನೆಗೂ ಉತ್ಸಾಹ ಉಳಿದಿದ್ದರೆ ಅದು ಆಸೆಯಷ್ಟೇ ಅಲ್ಲ, ಯೋಗ್ಯತೆಯೂ ಹೌದು.

ತಾಳ್ಮೆಯೊಡನೆ ಪ್ರಾಮಾಣಿಕತೆಯೂ ಬೇಕು. ಬಂದರು, ಕಾರ್ಖಾನೆಗಳ ಯೋಜನೆಗಳಿಗೆ ಪರಿಸರದ ವರದಿ ಬರೆಯುವ ಕೆಲಸ ಸಾಗರ ವಿಜ್ಞಾನಿಗಳಿಗೆ ದೊರೆಯುವುದುಂಟು. ಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ 2001ರಲ್ಲಿ ರಕ್ಷಿತ ಪಟ್ಟಿಗೆ ಸೇರಿಸಲಾಗಿದೆ. ಆದರೆ ‘ಇಲ್ಲಿ ಹವಳವಿದೆ’ ಎಂದು ಬರೆಯಬೇಕಾದ ಕೈ ಅಳುಕಿದರೆ ಕಾಯಿದೆ ಏನು ಮಾಡೀತು? ನೀರಿನಡಿ ಎಣಿಸಿದವನ ಹೊರತು ಬೇರೆ ಸಾಕ್ಷಿಯಿಲ್ಲದ ಕಡೆ ಎಣಿಸುವವನ ಮನಸ್ಸಾಕ್ಷಿಯೇ ಎಲ್ಲ. ಆ ಮನಸ್ಸಾಕ್ಷಿಯ ಶಿಕ್ಷಣ ನಡೆಯುವುದು ವಿಶ್ವವಿದ್ಯಾಲಯಕ್ಕಿಂತ ಮೊದಲು ಮನೆಯಲ್ಲಿ.

ಕೊನೆಯದಾಗಿ, ಸಾಯುತ್ತಿರುವುದನ್ನು ಎಣಿಸಿ ಪ್ರಯೋಜನವೇನು ಎಂಬ ಪ್ರಶ್ನೆ. ರೋಗಿ ಉಳಿಯುವನೆಂಬ ಖಾತರಿಯಿಲ್ಲದಿದ್ದರೂ ದಾದಿ ಅವನ ನಾಡಿಯನ್ನು ಗುರುತಿಸುವುದನ್ನು ಬಿಡುವುದಿಲ್ಲ. ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳು ದೇಶ ವಿದೇಶಗಳಲ್ಲಿ ಆ ಕೆಲಸ ಮಾಡುತ್ತಿದ್ದಾರೆ. ಅದರ ಬೆಲೆ ನಮಗೆ ಗೊತ್ತು. ಲಕ್ಷದ್ವೀಪದಲ್ಲಿ ಹವಳದ ದಿಬ್ಬ ಅಲೆಯ ಹೊಡೆತವನ್ನು ತಡೆಯುವ ಗೋಡೆ, ಮೀನಿನ ತವರು, ದ್ವೀಪದ ನೆಲವೇ ಅದು. ಯಾವ ದಿಬ್ಬ ಬೇಗ ಚೇತರಿಸಿತು, ಯಾವುದು ಸೋತಿತು, ಏಕೆ ಎಂದು ತಿಳಿದಾಗ ಮಾತ್ರ ಯಾವುದನ್ನು ಮೊದಲು ಕಾಪಾಡಬೇಕೆಂಬುದು ತಿಳಿಯುತ್ತದೆ. ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಹವಳದ ದಿಬ್ಬಗಳ ಅಳಿವನ್ನು ಹೆಸರಿಸಿಯೇ ದುಃಖಿಸಿದ್ದಾರೆ. ಫಿಲಿಪ್ಪೀನ್ಸಿನ ಧರ್ಮಾಧ್ಯಕ್ಷರು 1988ರಲ್ಲಿಯೇ ಎತ್ತಿದ್ದ ಪ್ರಶ್ನೆಯನ್ನು ಅಲ್ಲಿ ನೆನೆದಿದ್ದಾರೆ. ದುಃಖಿಸುವವರು ಬಹಳ ಮಂದಿ ಇದ್ದಾರೆ. ನೀರಿಗಿಳಿದು ಎಣಿಸಿ, ಎಣಿಸಿದ್ದನ್ನು ಇದ್ದಂತೆಯೇ ಬರೆದಿಡುವವರು ಕೆಲವರೇ. ನಿಮ್ಮ ಮನೆಯ ಮಗು ಆ ಕೆಲವರಲ್ಲಿ ಒಬ್ಬನಾಗಲು, ಒಬ್ಬಳಾಗಲು ಬಯಸಿದರೆ, ಖರ್ಚಿನ ಲೆಕ್ಕವನ್ನು ಅವರ ಮುಂದೆ ಬಿಚ್ಚಿಡಿರಿ, ವರ್ಷಗಳ ಲೆಕ್ಕವನ್ನೂ ಹೇಳಿರಿ. ಅಷ್ಟೆಲ್ಲ ಕೇಳಿದ ಬಳಿಕವೂ ಅವರ ಮನಸ್ಸು ಬದಲಾಗದಿದ್ದರೆ ಅಡ್ಡ ನಿಲ್ಲಬೇಡಿರಿ.